ತಿರುಗದ ಫ್ಯಾನು

ಕೆನ್ಮೋರ್‌ನಿಂದ ಬೆಲ್ವ್ಯೂಗೆ ಹೊರಟಿದ್ದಾಗ ನಮ್ಮ ಹಳೇ ಕಾರಿನ ಫ್ಯಾನ್ ನಿಂತುಹೋಯಿತು. ಹೀಟರೂ ಇಲ್ಲ, ಎಸಿಯೂ ಇಲ್ಲ. ಹೊರಗೆ ಜಿಟಿಜಿಟಿ ಮಳೆ, ಒಳಗೆ ನಮ್ಮಿಬ್ಬರ ಉಸಿರಿಗೇ ಗಾಜೆಲ್ಲ ಮಬ್ಬಾಯಿತು. ಹೆಂಡತಿ ದುಪಟ್ಟಾದಲ್ಲಿ ಒರೆಸುತ್ತಿದ್ದಳು, ಅವಳು ಒರೆಸಿದಷ್ಟು ಜಾಗದಲ್ಲಿ ಇಣುಕಿ ನಾನು ಓಡಿಸುತ್ತಿದ್ದೆ.

"ರೀ, ಸೈಕಲ್ಲು!" ಅಂತ ಕಿರುಚಿದಳು. ಬ್ರೇಕ್ ತುಳಿದೆ. ಸೈಕಲ್ಲಿನ ಹಿಂದಿನ ಚಕ್ರಕ್ಕೂ ನಮ್ಮ ಬಂಪರಿಗೂ ಒಂದು ಗೇಣು ಜಾಗ ಉಳಿದಿತ್ತು.

ಹತ್ತಿರದ ಗ್ಯಾರೇಜಿಗೆ ಹೋದೆವು. ಅಲ್ಲಿದ್ದ ಮುದುಕ ಫ್ಯೂಸ್ ನೋಡಿದ, ಸುಟ್ಟಿತ್ತು. ಬೇರೆ ಹಾಕಿದ, ಅದೂ ಸುಟ್ಟಿತು. ಕೊನೆಗೆ ಗ್ಲೋವ್ ಬಾಕ್ಸ್ ಕೆಳಗೆ ತಲೆ ತೂರಿಸಿ ಫ್ಯಾನ್ ಬಿಚ್ಚಿದರೆ, ಒದ್ದೆ ಚೆಂಡುಹೂವಿನ ಜೊತೆ ಹಳದಿ ಅಕ್ಕಿ ಉದುರಿತು.

"ಕಾರಿಗೆ ಅಕ್ಕಿ ಯಾರು ಹಾಕಿದ್ದು?" ಅಂದ.

ಆಯುಧಪೂಜೆಯ ದಿನ ಗಾಜಿನ ಬುಡದಲ್ಲಿ ಗಾಳಿ ಎಳೆದುಕೊಳ್ಳುವ ಜಾಲರಿಯ ಮೇಲೆ ಹಿಡಿಗಟ್ಟಲೆ ಅಕ್ಷತೆ ಎರಚಿದವಳು ನನ್ನ ಪಕ್ಕದಲ್ಲೇ ನಿಂತಿದ್ದಳು. "ಗಾಡಿಗೆ ಏನೂ ಆಗದಿರಲಿ ಅಂತ ಹಾಕಿದ್ದು," ಅಂತ ಅವನಿಗೆ ಇಂಗ್ಲಿಷಿನಲ್ಲಿ ಹೇಳಿ, ಅವಳ ಕಡೆ ತಿರುಗಿ ಕನ್ನಡದಲ್ಲಿ ರೇಗಿದೆ: "ನೋಡಿದ್ಯಾ ನಿನ್ನ ಅಕ್ಷತೆ ಮಹಿಮೆ?"

"ನೋಡ್ದೆ," ಅಂದಳು. "ಅದಿಲ್ದಿದ್ರೆ ಆ ಸೈಕಲ್ಲಿನವನು ಉಳೀತಿದ್ನಾ?"