ಎಂಬತ್ತಕ್ಕೆ ಅದುರುತ್ತಿದ್ದ ಸ್ಟೇರಿಂಗ್

ಹೋದ ವರ್ಷ ಶಿವರಾತ್ರಿಗೆ ಇನ್ನೊಂದು ವಾರ ಇತ್ತು. ಮೈಸೂರಿನಲ್ಲಿ ಲೈನಿಂಗ್ ಬಟ್ಟೆ ಖರೀದಿ ಮಾಡಿಕೊಂಡು ನಂಜನಗೂಡಿಗೆ ವಾಪಸ್ ಬರುತ್ತಿದ್ದೆ. ಕಾರು ಓಡಿಸುತ್ತಿದ್ದವಳು ನಾನೇ. ಪಕ್ಕದಲ್ಲಿ ಮೈದುನ ಕುಮಾರ ಕೂತಿದ್ದ. ಹೈವೇಯಲ್ಲಿ ಸ್ಪೀಡು ಎಪ್ಪತ್ತು ದಾಟಿ ಎಂಬತ್ತರ ಹತ್ತಿರ ಬಂತು ನೋಡಿ, ಚಳಿಜ್ವರ ಬಂದವರ ಹಾಗೆ ಸ್ಟೇರಿಂಗ್ ಗಡಗಡ ಅದುರತೊಡಗಿತು. ಮೊಣಕೈವರೆಗೂ ನಡುಕ. ಹೆದರಿ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದೆ. ಅರವತ್ತಕ್ಕೆ ಇಳಿದ ಮೇಲೆ ಏನೂ ಇಲ್ಲ, ಸಾಧು ಹಸುವಿನ ಹಾಗೆ ಓಡಿತು. ಮತ್ತೆ ಒತ್ತಿದೆ, ಮತ್ತೆ ಅದೇ ಕಥೆ.

ಆ ಕಾರು ನಮ್ಮ ಯಜಮಾನರದು. ಅದರ ಹಿಂದಿನ ಶ್ರಾವಣದಲ್ಲಿ ಎದೆನೋವು ಅಂತ ಕೂತವರು ಏಳಲೇ ಇಲ್ಲ. ಆಮೇಲೆ ತಿಂಗಳುಗಟ್ಟಲೆ ಕಾರು ಮನೆ ಪಕ್ಕದ ಶೀಟಿನ ಕೆಳಗೆ ಟಾರ್ಪಾಲು ಹೊದ್ದುಕೊಂಡು ನಿಂತಿತ್ತು. ನನಗೆ ಡ್ರೈವಿಂಗ್ ಕಲಿಸಿದ್ದು ಅವರೇ. ಕಲಿಸಿದರು ಅನ್ನುವುದಕ್ಕಿಂತ ಬೈದರು ಅನ್ನುವುದೇ ಸರಿ. "ಅದು ಕ್ಲಚ್ಚು ಕಣೇ, ನಿನ್ ಒಲಿಗೆ ಮಿಷಿನ್ ಪೆಡಲ್ ಅಲ್ಲ!" ನಾನೇನು ಸುಮ್ಮನಿರುವವಳೇ? "ಮಿಷಿನ್ ಆಗಿದ್ರೆ ನಿಮಗಿಂತ ನೆಟ್ಟಗೆ ಓಡಿಸ್ತಿದ್ದೆ" ಅನ್ನುತ್ತಿದ್ದೆ. ಇಬ್ಬರೂ ನಗುತ್ತಿದ್ದೆವು. ಅವರು ಹೋದ ಮೇಲೆ ಧೈರ್ಯ ಮಾಡಿ ಕಾರು ತೆಗೆದೆನಾದರೂ ಅವರು ಕೂರುತ್ತಿದ್ದ ಸೀಟನ್ನು ಮುಂದಕ್ಕೆ ಎಳೆಯಲು ಮನಸ್ಸು ಬರಲಿಲ್ಲ. ಬೆನ್ನಿಗೆ ಒಂದು ದಿಂಬು ಇಟ್ಟುಕೊಂಡು ಓಡಿಸುತ್ತಿದ್ದೆ. ಊರೊಳಗಿನ ಓಡಾಟದಲ್ಲಿ ಯಾವ ತೊಂದರೆಯೂ ಕಂಡಿರಲಿಲ್ಲ. ಹೈವೇಗೆ ಇಳಿದದ್ದು ಅವತ್ತೇ ಮೊದಲು, ಮೈಸೂರಿಗೆ ಹೋಗುವಾಗ ಅಂಜಿಕೊಂಡು ಅರವತ್ತು ದಾಟಿಸಿರಲಿಲ್ಲ.

ಮನೆಗೆ ಬಂದವನೇ ಕುಮಾರ ಹಟ ಹಿಡಿದ. "ಅತ್ಗೆ, ಈ ಗಾಡೀಲಿ ಏನೋ ದೊಡ್ಡ ಕಾಯ್ಲೆ ಅದೆ. ಆಕ್ಸಲ್ಲೇ ಓಗಿರ್ಬೇಕು. ಅಣ್ಣನ್ನ ಕಳ್ಕೊಂಡಿದ್ದು ಸಾಲ್ದಾ? ನಮ್ಮೂರ ಕಡೆಯೋರೊಬ್ರು ಕೇಳ್ತಾವ್ರೆ, ಭಾನುವಾರ ಬರೇಳ್ತೀನಿ, ಕೊಟ್ಬುಡಾಣ."

ಅವನದು ಕೆಟ್ಟ ಮನಸ್ಸಲ್ಲ. ಟಿ. ನರಸೀಪುರದ ಹತ್ತಿರ ನಮ್ಮ ನಾಲೆ ಬಯಲಿನ ಗದ್ದೆಯನ್ನು ನೋಡಿಕೊಂಡಿರುವವನು ಅವನು. ನನ್ನ ಮೇಲಿನ ಅಕ್ಕರೆಗೇ ಹೇಳಿದ. ಆದರೆ ಕಾರು ಕೊಡಲು ನನಗೆ ಮನಸ್ಸಿರಲಿಲ್ಲ. ಅವರ ಅಂಗಿ, ಚಪ್ಪಲಿ ಎಲ್ಲ ಯಾರು ಯಾರಿಗೋ ಕೊಟ್ಟಾಗಿತ್ತು. ಬಾಗಿಲು ತೆಗೆದರೆ ಅವರು ಹಚ್ಚುತ್ತಿದ್ದ ವಿಭೂತಿಯ ವಾಸನೆ ಇದ್ದದ್ದು ಆ ಕಾರೊಂದರಲ್ಲಿ ಮಾತ್ರ. "ಭಾನುವಾರದೊಳಗೆ ರಿಪೇರಿ ಮಾಡಿಸ್ತೀನಿ. ಆಗ್ಲಿಲ್ಲ ಅಂದ್ರೆ ನಿನ್ನಿಷ್ಟ" ಅಂದುಬಿಟ್ಟೆ.

ಯಾರೋ ಹೇಳಿದರೆಂದು ಮೊದಲು ವೀಲ್ ಅಲೈನ್‌ಮೆಂಟ್ ಮಾಡಿಸಿದೆ. ಹೈವೇಗೆ ಹೋದರೆ ಸ್ಟೇರಿಂಗ್ ಮತ್ತೆ ಅದುರಿತು. ಅವತ್ತು ರಸ್ತೆ ಪಕ್ಕ ಕಾರು ನಿಲ್ಲಿಸಿಕೊಂಡು ಯೋಚನೆ ಮಾಡಿದೆ. ಇಪ್ಪತ್ತು ವರ್ಷದಿಂದ ಬ್ಲೌಸು ಹೊಲಿಯುತ್ತಿರುವವಳು ನಾನು. ಹೊಲಿಗೆ ಮಿಷಿನ್ ಅದುರಿದರೆ ಸಿಕ್ಕ ಸ್ಕ್ರೂ ಎಲ್ಲ ತಿರುವುವುದಿಲ್ಲ. ಮೆಲ್ಲಗೆ ತುಳಿದಾಗ ಅದುರುತ್ತದೋ, ಜೋರಾಗಿ ತುಳಿದಾಗಲೋ, ಮೇಲೋ, ಕೆಳಗೋ ಅಂತ ಮೊದಲು ನೋಡುತ್ತೇವೆ. ಕಾರಿಗೂ ಹಾಗೇ ಮಾಡಿದೆ. ಅದುರುವುದು ಎಪ್ಪತ್ತೈದರ ಮೇಲೆ ಮಾತ್ರ. ಬ್ರೇಕ್ ಒತ್ತಿದರೆ ಹೆಚ್ಚಾಗುವುದಿಲ್ಲ. ಕೈ ನಡುಗಿದರೂ ಬೆನ್ನ ಹಿಂದಿನ ದಿಂಬು ತಣ್ಣಗೆ ಕೂತಿರುತ್ತದೆ.

ಶನಿವಾರ ಬೆಳಿಗ್ಗೆ ಸಿದ್ದರಾಜು ಗ್ಯಾರೇಜಿಗೆ ಹೋದೆ. ನಮ್ಮ ಯಜಮಾನರ ಜೊತೆ ಓದಿದವನು. ನಾನು ಕಂಡದ್ದನ್ನೆಲ್ಲ ಒಪ್ಪಿಸಿದೆ. "ಅರ್ಧ ಕೆಲ್ಸ ನೀವೇ ಮುಗ್ಸಿದ್ದೀರಲ್ಲಕ್ಕಾ" ಎಂದು ನಕ್ಕ. "ಸೀಟು ಅದುರ್ದೆ ಕೈ ಅದುರ್ತದೆ ಅಂದ್ರೆ ಮುಂದಿನ ಚಕ್ರದ್ದೇ ಕಿತಾಪತಿ. ಎಲ್ಲೋ ಒಂದ್ಕಡೆ ತೂಕ ಎಚ್ಚುಕಮ್ಮಿ ಆಗದೆ. ನಿಧಾನಕ್ಕೆ ಓಡ್ಸುದ್ರೆ ಗೊತ್ತಾಗಲ್ಲ, ಸ್ಪೀಡಲ್ಲಿ ಎದ್ದು ಕುಣೀತದೆ."

ಜಾಕ್ ಕೊಟ್ಟು ಬಲಗಡೆ ಚಕ್ರ ಬಿಚ್ಚಿ ನೋಡಿದ. ಏನೂ ಇರಲಿಲ್ಲ. ಎಡಗಡೆಯದನ್ನು ಬಿಚ್ಚಿ ಬೋರಲು ಹಾಕಿದವನು "ಅಯ್ಯೋ ಅಕ್ಕಾ, ಬನ್ನಿ ಇಲ್ಲಿ" ಎಂದು ಕರೆದ. ರಿಮ್ಮಿನ ಒಳಬದಿಗೆ ಒಂದು ಕಡೆ ಅಂಗೈಯಗಲ ಕರೀ ಮಣ್ಣು ಮೆತ್ತಿಕೊಂಡು ಒಣಗಿ ಕಲ್ಲಾಗಿತ್ತು.

"ಇದೇ ಕಣಕ್ಕ ನಿಮ್ ರೋಗ. ಗದ್ದೆ ಕೆಸರು. ಅಲ್ಲಾ, ಆಯುಧ ಪೂಜೆಗೆ ಗಾಡಿ ತೊಳೀನಿಲ್ವಾ?"

"ನಮಗೆ ಈ ವರ್ಷ ಹಬ್ಬ ಎಲ್ಲಿತ್ತು ಸಿದ್ದರಾಜು?" ಅಂದೆ.

ಅವನ ಮುಖ ಸಣ್ಣಗಾಯಿತು. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬ ಮಾಡುವುದಿಲ್ಲ. ಊರಿನವರೆಲ್ಲ ಗಾಡಿ ತೊಳೆದು ಬಾಳೆಕಂದು ಕಟ್ಟುವಾಗ ನಮ್ಮ ಕಾರು ಟಾರ್ಪಾಲಿನ ಕೆಳಗೇ ಇತ್ತು. ಆಮೇಲೆ ಹೊರಗೆ ತೆಗೆದಾಗಲೂ ನಾನು ಒದ್ದೆ ಬಟ್ಟೆಯಲ್ಲಿ ಮೇಲೆ ಮೇಲೆ ಒರೆಸಿದ್ದೆ ಅಷ್ಟೇ.

ಆಗ ನನಗೆ ಎಲ್ಲ ಕಣ್ಣಿಗೆ ಕಟ್ಟಿತು. ಅವರು ಹೋಗುವುದಕ್ಕೆ ಸ್ವಲ್ಪ ದಿನ ಮುಂಚೆ ನಾಟಿ ನೋಡಲು ಊರಿಗೆ ಹೋಗಿದ್ದರು. ಕಾರನ್ನು ಗದ್ದೆ ಅಂಚಿಗೆ ಇಳಿಸಿ, ಎಡಗಡೆ ಚಕ್ರ ಹೂತು, ಜನ ಸೇರಿ ತಳ್ಳಿ ಮೇಲೆ ಹತ್ತಿಸಿದ್ದರಂತೆ. ಮೊಣಕಾಲವರೆಗೂ ಕೆಸರು ಮಾಡಿಕೊಂಡು ನಗುತ್ತಾ ಬಂದರು. "ಏನ್ ಟ್ರ್ಯಾಕ್ಟರ್ ಅಂದ್ಕೊಂಡ್ರಾ ಅದನ್ನ?" ಎಂದು ನಾನು ರೇಗಿದ್ದಕ್ಕೆ, "ಆಯುಧ ಪೂಜೆಗೆ ಎಂಗೂ ತೊಳೀಬೇಕಲ್ಲ, ಬುಡು ಕಣೇ" ಅಂದಿದ್ದರು. ಅವರು ಕಾರು ತೆಗೆದದ್ದು ಅದೇ ಕೊನೆ.

ಸಿದ್ದರಾಜು ಸ್ಕ್ರೂಡ್ರೈವರ್ ಹಿಡಿದು ನನ್ನ ಮುಖ ನೋಡಿದ. "ತೆಗೀಲಾ ಅಕ್ಕಾ?" ಎಂದು ಕೇಳಿದ. ಮಣ್ಣು ತೆಗೆಯಲು ಅಪ್ಪಣೆ ಬೇಕೇ? ಆದರೆ ಹೂಂ ಅನ್ನುವುದು ಸುಲಭವಿರಲಿಲ್ಲ. ತೆಗೆಯದಿದ್ದರೆ ಕಾರು ಹೋಗುತ್ತದೆ, ತೆಗೆದರೆ ಅವರು ತಂದ ಕೆಸರು ಹೋಗುತ್ತದೆ. "ನೀನು ಬಿಡು, ನಾನೇ ತೆಗೀತೀನಿ" ಎಂದು ಕೂತು ಹೆಂಟೆ ಹೆಂಟೆಯಾಗಿ ಬಿಡಿಸಿ ಪೇಪರಿಗೆ ಹಾಕಿಕೊಂಡೆ. ಒಂದು ಹೆಂಟೆಯೊಳಗೆ ಒಣಗಿದ ಭತ್ತದ ಪೈರು ಬೇರಿನ ಸಮೇತ ಇತ್ತು. ಅಲ್ಲೇ ಅತ್ತುಬಿಟ್ಟೆ. ಸಿದ್ದರಾಜು ಏನೋ ಹುಡುಕುವವನ ಹಾಗೆ ಒಳಗೆ ಹೋದ.

ಆಮೇಲೆ ಚಕ್ರಗಳನ್ನು ಬ್ಯಾಲೆನ್ಸಿಂಗ್ ಮಿಷಿನ್ನಿಗೆ ಹಾಕಿ ಸರಿ ಮಾಡಿಕೊಟ್ಟ. ಹೈವೇಗೆ ಹೋದೆ. ಎಪ್ಪತ್ತು, ಎಂಬತ್ತು, ತೊಂಬತ್ತು. ಸ್ಟೇರಿಂಗ್ ಕದಲಲಿಲ್ಲ. ಗೆದ್ದೆ ಅಂತ ಖುಷಿಯಾಗಬೇಕಿತ್ತು. ಆಗಲಿಲ್ಲ.

ಭಾನುವಾರ ಕುಮಾರ ಬಂದ. ಪೇಪರ್ ಪೊಟ್ಟಣ ಬಿಚ್ಚಿ ಮುಂದಿಟ್ಟೆ. "ಚಕ್ರದೊಳಗೆ ಇದಿತ್ತು ಕಣೋ" ಅಂದೆ. ಒಂದು ಹೆಂಟೆ ಕೈಗೆ ತೆಗೆದುಕೊಂಡು ಪುಡಿ ಮಾಡಿ ಮೂಸಿದ. ಪೈರು ನೋಡಿದ. "ನಮ್ ಗದ್ದೇದೇ" ಅಂದ. ಪೈರನ್ನು ಪೇಪರಿನ ಮೇಲೆ ವಾಪಸ್ ಇಟ್ಟು, "ಅವತ್ತು ಇಂದ್ಗಡೆಯಿಂದ ಗಾಡಿ ತಳ್ಳಿದ್ದು ನಾನೇ ಅತ್ಗೆ. ಮೈಮೇಲೆಲ್ಲ ಕೆಸರು ಸಿಡೀತು. ಅಣ್ಣ ಕನ್ನಡೀಲಿ ನೋಡಿ ನಗ್ತಿದ್ದ" ಎಂದು ಹೇಳಿ ಎದ್ದು ಹೊರಗೆ ಹೋದ. ಫೋನಿನಲ್ಲಿ "ಇಲ್ಲ ಕಣ್ರೀ, ಗಾಡಿ ಕೊಡಾಕಿಲ್ಲ, ಬರ್ಬೇಡಿ" ಅನ್ನುತ್ತಿದ್ದುದು ಕೇಳಿಸಿತು.

ಆ ಮಣ್ಣನ್ನು ಅವನೇ ತೆಗೆದುಕೊಂಡು ಹೋಗಿ ಗದ್ದೆಗೆ ಹಾಕಿದ. ಒಂದು ಹೆಂಟೆ ಮಾತ್ರ ನಾನು ಮಿಷಿನ್ನಿನ ಡ್ರಾಯರಿನಲ್ಲಿ ಬಾಬಿನ್ನುಗಳ ಜೊತೆ ಇಟ್ಟುಕೊಂಡಿದ್ದೇನೆ.

ವರ್ಷದ ಕಾರ್ಯ ಮುಗಿದ ಮೇಲೆ ಹಬ್ಬ ಬಂತು. ಆಯುಧ ಪೂಜೆಯ ಬೆಳಿಗ್ಗೆ ಸೀರೆ ಎತ್ತಿ ಕಟ್ಟಿ ಕಾರನ್ನು ನಾನೇ ತೊಳೆದೆ. ಎಡಗಡೆ ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು ಒಳಗೆಲ್ಲ ಪೈಪಿನಿಂದ ನೀರು ಬಿಟ್ಟೆ. ರಸ್ತೆಯ ಕೆಂಪು ಧೂಳು ಒಂದಿಷ್ಟು ಹರಿದು ಬಂತು, ಆಮೇಲೆ ತಿಳಿನೀರು. ಕರೀ ಕೆಸರು ಇನ್ನೊಂದು ಚೂರಾದರೂ ಉಳಿದಿರಬಹುದು ಅಂತ ನೀರು ಬಿಡುತ್ತಲೇ ಕೂತಿದ್ದೆ.

ಈಗಲೂ ಹೈವೇಯಲ್ಲಿ ಸ್ಪೀಡಿನ ಮುಳ್ಳು ಎಂಬತ್ತು ಮುಟ್ಟುವಾಗ ನನಗೇ ಗೊತ್ತಿಲ್ಲದೆ ಎರಡೂ ಕೈ ಬಿಗಿಯಾಗುತ್ತವೆ. ಏನೂ ಆಗುವುದಿಲ್ಲ. ಸುಮ್ಮನೆ ಮುಂದೆ ಹೋಗುತ್ತೇನೆ.