ಚಾವಿ ಕೊಡಲಾರದ ಮಾರಿದ ಇಟಲಿ ಗಾಡಿ

ಇಟಲಿ ಕಾರಿನ ಸುಖ ತಿಳೀಬೇಕಂದ್ರ ಬಬಲೇಶ್ವರ ದಾಟಿ ತಿಕೋಟಾದ ಕಡೆ ಹೊಂಟಾಗ, ಸಂಜಿ ಐದರ ಬಿಸಲಿನ್ಯಾಗ, ಗ್ಲಾಸ್ ಇಳಿಸಿ ಸುಮ್ಮನ ಕುಂದರಬೇಕು. ಎಡಕ್ಕ ದ್ರಾಕ್ಷಿ ಪಡ, ಬಲಕ್ಕ ಬಿಳಿಜೋಳ. ಗಾಡಿ ರಸ್ತಾಕ್ಕ ಅಂಟಿಕೊಂಡು ಹೋಗ್ತಿತ್ತು. ಎಂಜಿನ್ನಿನ ಗುರ್ರ್ ಅನ್ನೂದು ಎದಿಯೊಳಗ ಇಳಿದು, ನಾ ಓಡಸಾಕತ್ತೇನೋ ಇಲ್ಲಾ ಯಾರರ ನನ್ನ ತೊಟ್ಟಲದಾಗ ಹಾಕಿ ತೂಗಾಕತ್ತಾರೋ ತಿಳೀತಿರಲಿಲ್ಲ. ಎಷ್ಟೋ ಸಲ ಮನಿ ತಿರುವು ಬಿಟ್ಟು ಮುಂದ ಹೋಗೀನಿ. ಸುಳ್ಳ್ಯಾಕ ಹೇಳ್ಲಿ, ಬೇಕಂತನ ಹೋಗೀನಿ.

ಫಜೀತಿ? ಅದನ್ನ ನನ್ನ ಹೆಂಡ್ತಿನ್ನ ಕೇಳ್ರಿ. ಆಕಿ ಈ ಗಾಡಿಗೆ ಇಟ್ಟ ಹೆಸರು ಸವತಿ. ಆಕಿ ತವರು ಕಾಖಂಡಕಿಗೆ ಹೊಂಟ್ರ, ಊರು ಇನ್ನೊಂದು ಮೈಲಿ ಐತಿ ಅನ್ನೂದ್ರಾಗ ಗಾಡಿ ನಿಂತೇಬಿಡೂದು. ರೇಶ್ಮಿ ಸೀರಿ ಉಟ್ಟಾಕಿ ಇಳದು ದೂಡೂದು, ಹೊಲದಾಗಿನ ಮಂದಿ ನಿಂತು ನಗೂದು. ಆ ಕಂಪನಿ ಶೋರೂಮ್ ಮುಚ್ಚಿದ ಮ್ಯಾಲಂತೂ ಒಂದು ಬಾಗಲದ ಹಿಡಿಕಿ ಬೇಕಂದ್ರೂ ತಿಂಗಳಗಟ್ಟಲೆ ಕಾಯೂದು. ಸೊಲ್ಲಾಪುರ ರಸ್ತಾದಾಗಿನ ಮೇಸ್ತ್ರಿ ಚಾಚಾ ಒಬ್ಬರೇ ಅದರ ನಾಡಿ ಬಲ್ಲವರು. "ಸಾಹೇಬ್ರ, ಇದು ಮಷೀನ್ ಅಲ್ರಿ, ಖಾನದಾನಿ ಹೆಣ್ಣು. ಜೋರ್ ಮಾಡಿದ್ರ ಮಾತ ಬಿಡ್ತೈತಿ," ಅಂತಿದ್ರು. ಹೆತ್ತವರಿಗೆ ಹೆಗ್ಗಣ ಮುದ್ದು ನೋಡ್ರಿ, ಅಷ್ಟು ಕೇಳಿದ್ರ ನನಗ ಎದಿ ಉಬ್ಬತಿತ್ತು.

ಹೋದ ವರ್ಷ ಸಿದ್ಧೇಶ್ವರ ಗುಡಿ ಹತ್ರ, ಎಡಬಾಜೂಕ ಬಂದ ಹಾಲಿನವನ ಸೈಕಲ್ಲು ನನಗ ಕಾಣಲೇ ಇಲ್ಲ. ಹಾಲು ರಸ್ತಾದ ತುಂಬ ಹರೀತು. ಪುಣ್ಯಾಕ್ಕ ಆತಗ ಏನೂ ಆಗಲಿಲ್ಲ. ಕಣ್ಣಿನ ಡಾಕ್ಟರು ನೋಡಿ, "ಎರಡೂ ಬಾಜೂದ ನೋಟ ಹೋಗೇತ್ರಿ, ಮುಂದಿಂದೂ ಮಬ್ಬಾಗಾಕತ್ತೈತಿ. ಇನ್ನ ಸ್ಟೇರಿಂಗ್ ಮುಟ್ಟಬ್ಯಾಡ್ರಿ," ಅಂದ್ರು. ಅವತ್ತು ನಾ ಅತ್ತೀನಿ, ಕಣ್ಣಿನಕಿಂತ ಗಾಡಿ ಸಲುವಾಗಿನ ಹೆಚ್ಚು ಅತ್ತೀನಿ. ಗುಜರಿಯಾಂವ ಬಂದು ಬಾನೆಟ್ ಬಡದು ನೋಡಿ, ತೂಕದ ಮ್ಯಾಲ ಕೇಳಿದ. "ಎದ್ದು ನಡೀಲೇ!" ಅಂದೆ. ನನಗಿದ್ದದ್ದು ಒಂದೇ ಆಸೆ: ಅದನ್ನ ಯಾರೂ ಮುರೀಬಾರ್ದು, ಯಾರರ ಕೈಯಾಗ ಓಡಕೋಂತ ಇರಬೇಕು.

ಕಡೀಕ ತಿಕೋಟಾದಿಂದ ಒಬ್ಬ ದ್ರಾಕ್ಷಿ ಬೆಳೆಗಾರ ಬಂದ. ಇದ್ದ ಐಬೆಲ್ಲಾ ಹೇಳಿದೆ. ಬ್ಯಾಸಗ್ಯಾಗ ಎಸಿ ಕೈ ಕೊಡ್ತೈತಿ, ಗ್ಲಾಸ್ ತಾನಾಗಿ ಬಾಗಲದೊಳಗ ಇಳೀತೈತಿ ಅಂದೆ. ಆತ ಒಂದು ಸುತ್ತು ಓಡಿಸಿಕೊಂಡು ಬಂದು, "ಹಾಯೂ ಎತ್ತು ಹೊಲ ಹೂಡಾಕ ಚಲೋ ಇರ್ತೈತಿ ಬಿಡ್ರಿ," ಅಂದ. ಮಾತು ಮುಗೀತು.

ಅಷ್ಟರಾಗ ನನ್ನ ಹೆಂಡ್ತಿ ಅರಿಷಿಣ ಕುಂಕುಮದ ಬಟ್ಟಲ ಹಿಡಕೊಂಡು ಬಂದ್ಲು. ಗಾಡಿ ಮಾರಿಗೆ ಹಚ್ಚಿದ್ಲು, ಕಾಯಿ ಒಡದ್ಲು, ಆತನ ಕೈಯಾಗಿನ ಚಾವಿ ಕಸಗೊಂಡು ಸೊಂಟಕ್ಕ ಸಿಗಿಸಿಬಿಟ್ಲು. "ನಮ್ಮ ತವರಾಗ ಎತ್ತು ಮಾರಿದ್ರ ಹಗ್ಗ ಕೊಡಂಗಿಲ್ರಿ. ಹಗ್ಗ ಹೋದ್ರ ಎತ್ತು ಮೇಯೂ ಗ್ವಾದ್ಲಿ ಖಾಲಿ ಆಗ್ತೈತಿ. ನಿಮ್ಮ ಹಗ್ಗ ನೀವು ತರ್ರಿ."

"ಏ, ಇರೂದು ಒಂದೇ ಚಾವಿ! ಅದಿಲ್ದ ಗಾಡಿ ಹೆಂಗ ಹೋಗಬೇಕು?" ಅಂತ ನಾ ಬೈದೆ. ಆತ ಮಾತ್ರ ನಗಲಿಲ್ಲ, ಒಕ್ಕಲುತನದ ಮನಷ್ಯಾ. "ಖರೇ ಐತ್ರಿ ಯಕ್ಕಾ. ನಾ ಬ್ಯಾರೇದು ಮಾಡಿಸಿಕೊಂಡು ಬರ್ತೇನಿ," ಅಂದು ಬಸ್ಸಿಗೆ ಹೋದ.

ಆ ಚಾವಿಯೊಳಗ ಚಿಪ್ ಇರ್ತೈತಿ. ಅಂಥಾದ್ದು ಇಲ್ಲಿ ಸಿಗಲಿಲ್ಲ, ಹೊರಗಿಂದ ತರಸಾಕ ಇಪ್ಪತ್ತು ದಿನ ಹಿಡೀತು. ಆ ಇಪ್ಪತ್ತು ದಿನ ಗಾಡಿ ನಮ್ದೂ ಅಲ್ಲ, ಆತಂದೂ ಅಲ್ಲ. ದಿನಾ ಸಂಜಿಮುಂದ ಇಬ್ರೂ ಚಹಾ ಹಿಡಕೊಂಡು ಅದರಾಗ ಹೋಗಿ ಕುಂದರತಿದ್ವಿ. ಸ್ಟೇರಿಂಗಿಗೆ ಆಕಿ, ಬಾಜೂಕ ನಾ. "ಬಬಲೇಶ್ವರ ಬಂತ್ರಿ," ಅನ್ನಾಕಿ. "ಸಾವಕಾಶ, ಮುಂದ ಹಂಪ್ ಐತಿ," ಅಂತಿದ್ದೆ. ಕಣ್ಣು ಮುಚ್ಚಿದ್ರ ನಿಂತ ಗಾಡ್ಯಾಗೂ ಮಾರಿಗೆ ಗಾಳಿ ಬಡೀತಿತ್ತು, ಬಿಳಿಜೋಳದ ವಾಸನಿ ಬರ್ತಿತ್ತು. ಒಮ್ಮೆ, "ಕಾಖಂಡಕಿ ಇನ್ನೊಂದು ಮೈಲಿ ಐತಿ. ನಿಂತ್ತು ನೋಡ್ರಿ ನಿಮ್ಮ ಗಾಡಿ. ಈ ಸಲ ನೀವು ಇಳದು ದೂಡ್ರಿ!" ಅಂದ್ಲು. ನಕ್ಕು ನಕ್ಕು ನನ್ನ ಚಹಾ ಚೆಲ್ಲಿತು. ಇಷ್ಟು ವರ್ಷದ ಸಂಸಾರದಾಗ ಆಕಿ ಹಂಗ ನಕ್ಕಿದ್ದು ನಾ ನೋಡಿರಲಿಲ್ಲ.

ಇಪ್ಪತ್ತೊಂದನೇ ದಿನ ಆತ ತನ್ನ ಚಾವಿ ತಂದ. ಗಾಡಿ ಒಂದೇ ಸಲಕ್ಕ ಶುರು ಆತು. ನಮ್ಮ ಓಣಿ ಉದ್ದಕ್ಕ ನೆಟ್ಟಗ ಐತಿ, ಕೊನೀಗೆ ಒಂದು ತಿರುವು. ಗಾಡಿ ಹತ್ತು ಮನಿ ದಾಟೂದ್ರಾಗ ನನಗ ಬರೇ ಮಬ್ಬು ಉಳೀತು.

"ಹೋತೇನ?" ಅಂತ ಕೇಳಿದೆ.

ಆಕಿ ನನ್ನ ಕೈ ಹಿಡಕೊಂಡು ನಿಂತಿದ್ಲು. "ಇಲ್ರಿ, ಇನ್ನೂ ಕಾಣಸಾಕತ್ತೈತಿ," ಅಂದ್ಲು.

ಎಂಜಿನ್ನಿನ ಸಪ್ಪಳ ತಿರುವು ದಾಟಿ ಆಗಲೇ ಕರಗಿ ಹೋಗಿತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತ ಕೇಳಿದೆ.

"ಐತ್ರಿ, ಇನ್ನೂ ಐತಿ," ಅಂದ್ಲು.