ಎಂಜಲು ಗಾಳಿ

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳಾದ್ದರಿಂದ ಅವಳಿಗೆ ಸಿಡಿಲಕ್ಕ ಎಂದೇ ಹೆಸರು ಬಿದ್ದಿತ್ತು. ಕಡಲ ನಡುವೆ ಸಾಲಾಗಿ ನಿಂತ ಗಾಳಿಯಂತ್ರಗಳ ರೆಕ್ಕೆಗೆ ಹಗ್ಗದಲ್ಲಿ ಇಳಿದು, ಸವೆದ ಅಂಚನ್ನು ಉಜ್ಜಿ, ಮೆತ್ತಿ, ಬಣ್ಣ ಬಳಿಯುವುದು ಅವಳ ಕೆಲಸ. ಪಕ್ಕದ ಹಗ್ಗದಲ್ಲಿ ಯಾವಾಗಲೂ ಕುಳ್ಳಣ್ಣ. ಇಳಿಯುವ ಮುನ್ನ ಅವಳ ಬೆಲ್ಟಿನ ಕೊಂಡಿಯನ್ನು ಅವನು ಎಳೆದು ನೋಡಬೇಕು, ಅವನದನ್ನು ಅವಳು. ವರ್ಷಗಟ್ಟಲೆ ಹಾಗೆ ಒಬ್ಬರ ಜೀವ ಇನ್ನೊಬ್ಬರ ಕೈಯಲ್ಲಿತ್ತು.

ಕಳೆದ ವರ್ಷದಿಂದ ಯಂತ್ರಗಳು ಕೊಡುವ ಕರೆಂಟು ಇಳಿಯತೊಡಗಿತು. ರೆಕ್ಕೆಯ ಅಂಚು ಒರಟಾಗಿರುವುದೇ ಕಾರಣ ಎಂದ ಮ್ಯಾನೇಜರ್. ಕುರ್ಚಿಯಲ್ಲಿ ಕೂತು ಹೇಳುವುದಕ್ಕೇನು, ನೇತಾಡುವವರ ಪಾಡು ನೇತಾಡುವವರಿಗೇ ಗೊತ್ತು. ಇಬ್ಬರೂ ಮತ್ತೆ ಮತ್ತೆ ಇಳಿದು ಕನ್ನಡಿಯ ಹಾಗೆ ನುಣುಪು ಮಾಡಿದರು. ಆದರೂ ಪಡುವಣ ಗಾಳಿ ಬೀಸಿದ ದಿನ ಮತ್ತದೇ ಹಾಡು, ಕರೆಂಟು ಇಳಿಯುತ್ತಿತ್ತು. ಮೇಲಿನವರಿಗೆ ಉತ್ತರ ಕೊಡಲು ಮ್ಯಾನೇಜರನಿಗೆ ಯಾರಾದರೊಬ್ಬರು ಬೇಕಿತ್ತು, ಕುಳ್ಳಣ್ಣನ ತಲೆ ಮೇಲೆ ಗೂಬೆ ಕೂರಿಸಿದ. “ಇವನ ಕೆಲಸ ಸರಿ ಇತ್ತಾ?” ಎಂದು ಎಲ್ಲರೆದುರು ಕೇಳಿದಾಗ, ಯಾರಿಗೂ ಸೊಪ್ಪು ಹಾಕದ ಸಿಡಿಲಕ್ಕ, “ನಾನು ನನ್ನ ಪಾಡಿಗೆ ಉಜ್ತಿದ್ದೆ ಸಾರ್” ಎಂದುಬಿಟ್ಟಳು. ಕುಳ್ಳಣ್ಣನನ್ನು ಮನೆಗೆ ಕಳಿಸಿದರು.

ಮೊನ್ನೆ ಭಾನುವಾರ ಮಗಳು, ಅಳಿಯ ಊಟಕ್ಕೆ ಬಂದಿದ್ದರು. ಪಡುವಣಕ್ಕೆ ಹೊಸದಾಗಿ ಎದ್ದ ಗಾಳಿಯಂತ್ರಗಳ ಕಂಪನಿಯಲ್ಲಿ ಅಳಿಯನಿಗೆ ನೌಕರಿ.

“ಗಾಳಿಯ ಕಸುವೆಲ್ಲ ನಮ್ಮ ರೆಕ್ಕೆಗಳೇ ಹೀರಿಬಿಡ್ತವೆ ಅತ್ತೆ. ಅದು ಸುಧಾರಿಸ್ಕೊಳ್ಳೋಕೆ ನೀರಿನ ಮೇಲೆ ಮೈಲಿಗಟ್ಟಲೆ ದೂರ ಬೇಕು. ಅಷ್ಟರೊಳಗೆ ನಿಮ್ಮ ಯಂತ್ರ ಬಂದ್ಬಿಡುತ್ತೆ. ನಿಮಗೆ ಸಿಗೋದು ಎಂಜಲು ಗಾಳಿ,” ಎಂದು ನಕ್ಕ.

ಬಡಿಸುತ್ತಿದ್ದ ಸೌಟು ಅಲ್ಲೇ ನಿಂತಿತು. “ಇದು ನಮ್ಮ ಮ್ಯಾನೇಜರಿಗೆ ಗೊತ್ತಾ?”

“ಗೊತ್ತಿಲ್ದೆ ಏನು? ಕಟ್ಟೋಕೆ ಮುಂಚೆನೇ ಎರಡೂ ಕಡೆಯವರು ಕೂತು ಮಾತಾಡಿದ್ರಲ್ಲ.”

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಅಳಿಯನೆಂಬ ಮರ್ಯಾದೆ ಗಿರ್ಯಾದೆ ಎಲ್ಲ ಮರೆತು, “ಒಬ್ಬನ ಅನ್ನ ಕಿತ್ಕೊಂಡು ಇಲ್ಲಿ ಕೂತು ನಗ್ತೀರಾ?” ಎಂದು ಸೌಟನ್ನು ಪಾತ್ರೆಗೆ ಎಸೆದಳು. ಮಗಳು “ಅಮ್ಮಾ” ಎನ್ನುವಷ್ಟರಲ್ಲಿ ಚಪ್ಪಲಿ ಮೆಟ್ಟಿ ಹೊರಟಾಗಿತ್ತು. ಹೇಡಿ, ಕೊರಳು ಕೊಯ್ಯುವವನು, ಸುಳ್ಳುಬುರುಕ ಎಂದು ದಾರಿಯುದ್ದಕ್ಕೂ ಮ್ಯಾನೇಜರನ ಜನ್ಮ ಜಾಲಾಡಿದಳು.

ಕುಳ್ಳಣ್ಣ ಮನೆಯ ಹಿಂದೆ ಕೂತು ಹಳೆಯ ಹಲಗೆಯೊಂದನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ, ಕಣ್ಣು ಮುಚ್ಚಿ ಬೆರಳಾಡಿಸಿ ನೋಡುತ್ತಿದ್ದ. “ಕೈ ಎಲ್ಲಿ ತಪ್ಪಿತೋ ಗೊತ್ತಾಗ್ತಿಲ್ಲ ಅಕ್ಕಾ,” ಎಂದ.

“ತಪ್ಪು ನಿಂದಲ್ಲ ಕಣೋ! ಹೊಸ ಯಂತ್ರಗಳು ಅಡ್ಡ ನಿಂತು ನಮಗೆ ಗಾಳಿನೇ ಸೋತು ಬರ್ತಿದೆ. ಆ ಮ್ಯಾನೇಜರಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದ! ನಾಳೆ ಅವನ ನೀರಿಳಿಸ್ತೀನಿ ನೋಡು!”

ಅವನು ಹಲಗೆ ಕೆಳಗಿಟ್ಟ. “ಗಾಳಿ ವಿಷಯ ನಿನಗೆ ಇವತ್ತು ಗೊತ್ತಾಯ್ತು, ಸರಿ. ನನ್ನ ಕೆಲಸ ಹೇಗಿತ್ತು ಅಂತ ಆವತ್ತೇ ಗೊತ್ತಿತ್ತಲ್ವಾ?”

ದಾರಿಯಲ್ಲಿ ಬೈದ ಬೈಗುಳಗಳಲ್ಲಿ ತನಗೆ ಅನ್ವಯಿಸದ್ದು ಒಂದಾದರೂ ಇದೆಯೇ ಎಂದು ಸಿಡಿಲಕ್ಕ ಹುಡುಕಿದಳು.

“ಗೊತ್ತಿತ್ತು,” ಎಂದಳು.